ಮೆರವಣಿಗೆ ಕಾರಿಗೊಂದು ಎಂಜಿನ್

ಬಾಗೂರಿನ ತಿಮ್ಮಪ್ಪನ ಮನೆಯವರು ಹೊಳೆನರಸೀಪುರದ ಕೆಂಪಣ್ಣನಿಗೆ ಮದುವೆ ಕಾರಿನ ಬಾಡಿಗೆ ಐದು ಸಾವಿರ ರೂಪಾಯಿ ಇನ್ನೂ ಕೊಟ್ಟಿಲ್ಲ. ಕೊಡುವ ಲಕ್ಷಣವೂ ಇಲ್ಲ. ಫೋನು ಮಾಡಿದರೆ, "ನಡು ಊರಲ್ಲಿ ನಮ್ ಮರ್ವಾದೆ ತೆಗ್ದೆಯಲ್ಲಪ್ಪಾ, ನೀನೇ ನಮ್ಗೆ ಕೊಡ್ಬೇಕು" ಅನ್ನುತ್ತಾರೆ. ಕೆಂಪಣ್ಣ ಎರಡು ಸಲ ಕೇಳಿದ, ಮೂರನೇ ಸಲಕ್ಕೆ ಬಿಟ್ಟ. ಅರವತ್ತಾರು ವರ್ಷದ ಮನುಷ್ಯನಲ್ಲಿ ಜಗಳಕ್ಕೆ ಇಷ್ಟು ಅಂತ ಒಂದು ಅಳತೆ ಉಳಿದಿರುತ್ತದೆ. ಅದನ್ನೆಲ್ಲ ಬಾಗೂರಿಗೇ ಸುರಿದರೆ ಮಿಕ್ಕ ಕೆಲಸಕ್ಕೆ ಏನು ಮಾಡುವುದು?

ಮಿಕ್ಕ ಕೆಲಸವೆಂದರೆ ಎಂಜಿನ್ ಹುಡುಕುವುದು.

ಕಾರು ಐವತ್ತೇಳನೇ ಇಸವಿಯ ಡಾಡ್ಜ್. ಉದ್ದ ಮೂತಿ, ಗುಂಡು ಬೆನ್ನು, ಮುಂದೆ ಹಲ್ಲು ಕಿರಿದ ಹಾಗೆ ಕಾಣುವ ಜಾಲರಿ. ಒಂದು ಕಾಲಕ್ಕೆ ಹಳ್ಳಿಮೈಸೂರಿನ ರೈಸ್ ಮಿಲ್ ಮಾಲೀಕರದು. ಕೆಂಪಣ್ಣ ಆಗ ಅವರ ಲಾರಿ ಓಡಿಸುತ್ತಿದ್ದ. ಮಾಲೀಕರು ತೀರಿಕೊಂಡ ಮೇಲೆ ಕಾರನ್ನು ಕೇಳುವವರಿಲ್ಲದೆ ಅದು ಮಿಲ್ಲಿನ ಹಿಂದೆ ಹೊಟ್ಟಿನ ರಾಶಿಯ ಪಕ್ಕ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ತೊಂಬತ್ತನಾಲ್ಕರಲ್ಲಿ ಹನ್ನೊಂದು ಸಾವಿರ ಕೊಟ್ಟು ಕೆಂಪಣ್ಣ ಅದನ್ನು ಎಳೆದು ತಂದಾಗ ನಕ್ಕವರು ಬಹಳ. ಅವನು ಮೈಸೂರಿಗೆ ಒಯ್ದು ತಲೆಯ ತಗಡು ಕೊಯ್ಯಿಸಿ, ತೆರೆದ ಕಾರು ಮಾಡಿಸಿ, ಹಾಲಿನ ಕೆನೆಯ ಬಣ್ಣ ಬಳಿಸಿದ. ಆಮೇಲೆ ನಕ್ಕವರ ಮನೆಯ ಗಂಡುಗಳೂ ಅದರಲ್ಲೇ ಕೂತು ಮೆರವಣಿಗೆ ಹೋದವು. ಮೂವತ್ತು ವರ್ಷದಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ತಾಲ್ಲೂಕಿನಲ್ಲಿ ಆ ಕಾರಿನ ಹಿಂದಿನ ಸೀಟಿಗೆ ಅಕ್ಷತೆ ಬೀಳದ ಬೀದಿ ಕಡಿಮೆ.

ಲಗ್ನದ ತಿಂಗಳುಗಳಲ್ಲಿ ದುಡಿದು ಉಳಿದ ದಿನ ಕೂತು ತಿನ್ನುವ ಕಸುಬು. ಶ್ರೀಮಂತಿಕೆ ಬರಲಿಲ್ಲ. ಆದರೆ ಇನ್ನೊಬ್ಬರ ಕೈಕೆಳಗೆ ಸ್ಟೇರಿಂಗ್ ಹಿಡಿಯುವುದು ತಪ್ಪಿತು. ಅದೇ ಅವನಿಗೆ ಬೇಕಾಗಿದ್ದದ್ದು.

ಹೋದ ಕಾರ್ತಿಕದಲ್ಲಿ ಬಾಗೂರಿನ ಮೆರವಣಿಗೆ ಊರ ಮುಂದಿನ ಗುಡಿಯಿಂದ ಛತ್ರಕ್ಕೆ ಹೊರಟಿತ್ತು. ದೂರ ಮುಕ್ಕಾಲು ಕಿಲೋಮೀಟರೂ ಇಲ್ಲ. ಮುಂದೆ ಡಿ.ಜೆ. ಗಾಡಿ, ಅದರ ಹಿಂದೆ ಕುಣಿಯುವವರು, ಅವರ ಹಿಂದೆ ಕೆಂಪಣ್ಣನ ಕಾರು. ನಾಲ್ಕು ಹೆಜ್ಜೆ ಹೋಗುವುದು, ಅರ್ಧ ಗಂಟೆ ನಿಲ್ಲುವುದು. ಇದೇ ರಸ್ತೆಯಲ್ಲಿ ರೈತರು ಹಾಲಿನ ರೇಟು ಕೇಳಿಕೊಂಡು ಮೆರವಣಿಗೆ ಹೊರಟರೆ ಪೊಲೀಸಿನವರು ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾರೆ. ಗಂಡು ಹೆಣ್ಣಿನ ಮೆರವಣಿಗೆಗೆ ಯಾರ ಗಡಿಯಾರವೂ ಇಲ್ಲ. ಮೂರು ಗಂಟೆ ಹೊತ್ತು ಎಂಜಿನ್ ನಿಂತಲ್ಲೇ ಬೆಂದು, ಬೆಂದು, ಕೊನೆಗೆ ಗ್ರಾಮ ಪಂಚಾಯ್ತಿ ಕಟ್ಟಡದ ಎದುರು ಒಳಗಿನಿಂದ ಕೊಡಲಿ ಏಟು ಬಿದ್ದ ಹಾಗೆ ಸದ್ದಾಗಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಎದ್ದ ಹಬೆಯನ್ನು ಜನ ಮೊದಲು ಡಿ.ಜೆ.ಯವರು ಬಿಟ್ಟ ಹೊಗೆ ಅಂದುಕೊಂಡು ಶಿಳ್ಳೆ ಹಾಕಿದರು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಹೊಳೆನರಸೀಪುರಕ್ಕೆ ತಂದದ್ದಾಯಿತು. ಅರಕಲಗೂಡು ರಸ್ತೆಯಲ್ಲಿ ಸಣ್ಣಯ್ಯನ ಶೆಡ್ಡಿದೆ. ಸಣ್ಣಯ್ಯ ಕೆಂಪಣ್ಣನಿಗಿಂತ ಐದಾರು ವರ್ಷಕ್ಕೆ ಕಿರಿಯ, ಈ ಕಾರಿನ ಪ್ರತಿ ನಟ್ಟನ್ನೂ ಒಮ್ಮೆಯಾದರೂ ಬಯ್ದು ಬಿಚ್ಚಿದವನು. ಎರಡು ದಿನ ಎಂಜಿನ್ ಬಿಚ್ಚಿ ನೋಡಿದ. ಮೂರನೇ ದಿನ ಕೆಂಪಣ್ಣ ಹೋದಾಗ ಟೀ ತರಿಸಿದ. ಸಣ್ಣಯ್ಯ ತಾನಾಗಿ ಟೀ ತರಿಸಿದರೆ ಸುದ್ದಿ ಕೆಟ್ಟದ್ದೇ.

"ಬ್ಲಾಕು ಸೀಳ್ಬುಟ್ಟದೆ ಕಣಣ್ಣ. ವಾಲ್ವ್ ತಾವ್ನಿಂದ ಸಿಲಿಂಡರ್ ಗಂಟ."

"ಬೆಸುಗೆ ಆಕಕ್ಕಾಗಕಿಲ್ವಾ?"

"ಎರಕದ್ದು. ಕಾಸಿದ್ರೆ ಇನ್ನೊಂದ್ ಕಡೆ ಸೀಳ್ತದೆ. ಕೊಯಮತ್ತೂರ್ ಕಡೆ ಯಾರೋ ಕಬ್ಬಣಕ್ಕೆ ವಲಿಗೆ ಆಕ್ತಾರಂತೆ. ಕಳ್ಸಣ. ಆಮೇಲೆ ಪಿಸ್ಟನ್ ಉಡುಕ್ಬೇಕು, ಬೇರಿಂಗ್ ಉಡುಕ್ಬೇಕು. ಒಂದೂವರೆ ಲಕ್ಷ ಮಡಿಕ್ಕೊ. ಆರ್ ತಿಂಗ್ಳು ಮಡಿಕ್ಕೊ. ಅಷ್ಟ್ ಮಾಡಿದ್ರೂವೆ ನಾನ್ ಗ್ಯಾರಂಟಿ ಕೊಡಕಿಲ್ಲ."

"ಮತ್ತೆ?"

"ಬ್ಯಾರೆ ಎಂಜಿನ್ ಕೂರ್ಸಣ. ಯಾವ್ದು ಅಂತ ನೀನ್ ಯೋಳು, ಕೂರ್ಸೋದ್ ನಂಗಿರ್ಲಿ. ಕಾರೊಳ್ಗೆ ಜಾಗ ಬೇಕಾದಂಗದೆ, ಎಮ್ಮೆ ಬೇಕಾದ್ರೂ ಕಟ್ಟಬೋದು."

ಕೆಂಪಣ್ಣ ಬಿಚ್ಚಿಟ್ಟ ಎಂಜಿನ್ನಿನ ಕಡೆ ನೋಡಿದ. ಆರು ತೂತು, ಆರೂ ಕಪ್ಪು. ಅದರ ಮೇಲೆ ಅವನಿಗೆ ಕನಿಕರವೇನೂ ಬರಲಿಲ್ಲ. ಬೆನ್ನು ನೋಯುತ್ತಿತ್ತು, ಕೂರಬೇಕು ಅನ್ನಿಸಿತು, ಟೈರಿನ ಮೇಲೆ ಕೂತ.

ಸುದ್ದಿ ಹಬ್ಬಿದ ಒಂದು ವಾರಕ್ಕೆ ಸಕಲೇಶಪುರದ ಕಡೆಯ ರೆಸಾರ್ಟೊಂದರ ಮ್ಯಾನೇಜರ್ ಶೆಡ್ಡಿಗೇ ಬಂದ. ಕಾರಿನ ಸುತ್ತ ಮೂರು ಸುತ್ತು ಹಾಕಿ ಫೋಟೊ ತೆಗೆದುಕೊಂಡ. ಒಂದು ಲಕ್ಷದ ಇಪ್ಪತ್ತು ಸಾವಿರ ಕೊಡುತ್ತೇವೆ ಅಂದ.

"ಎಂಜಿನ್ ಇಲ್ಲ ಸಾ" ಅಂದ ಸಣ್ಣಯ್ಯ.

"ಎಂಜಿನ್ ಬೇಡಪ್ಪಾ. ಗೇಟಿನ ಹತ್ತಿರ ನಿಲ್ಲಿಸಿ ಬಾನೆಟ್ಟಿನೊಳಗೆ ಮಣ್ಣು ತುಂಬಿ ಹೂವಿನ ಗಿಡ ಹಾಕ್ತೀವಿ. ಬಂದವರು ಫೋಟೊ ಹೊಡ್ಕೋತಾರೆ. ಎಂಜಿನ್ ಇಲ್ದೆ ಇದ್ರೆ ನಮಗೂ ಹಗುರ."

ಕೆಂಪಣ್ಣ ಫೋನ್ ನಂಬರ್ ಇಸಿದುಕೊಂಡ. ಬೇಡ ಅನ್ನಲು ಅವನಿಗೆ ಧೈರ್ಯ ಇರಲಿಲ್ಲ. ಕಾರು ಹೋದರೆ ಅವನಿಗಿದ್ದದ್ದು ಒಂದೇ ದಾರಿ. ಊರಿನ ಇಂಗ್ಲಿಷ್ ಸ್ಕೂಲಿನವರು ವ್ಯಾನ್ ಡ್ರೈವರ್ ಬೇಕು ಅಂತ ಹೇಳಿ ಕಳಿಸಿದ್ದರು. ಬೆಳಗ್ಗೆ ಆರಕ್ಕೆ ಹಾಜರು, ತಿಂಗಳಿಗೆ ಹನ್ನೆರಡು ಸಾವಿರ, ನೀಲಿ ಅಂಗಿ, ಮೂವತ್ತು ವರ್ಷದ ಮೇಲ್ವಿಚಾರಕನೊಬ್ಬನ ಮುಂದೆ ಕೈಕಟ್ಟಿ ನಿಂತು ತಡ ಆದದ್ದಕ್ಕೆ ಕಾರಣ ಹೇಳುವುದು. ಕೆಂಪಣ್ಣ ಆ ಜೀವನ ಮೂವತ್ತಾರನೇ ವಯಸ್ಸಿಗೆ ಬಿಟ್ಟು ಬಂದಿದ್ದ. ಅರವತ್ತಾರಕ್ಕೆ ಅದೇ ಬಾಗಿಲಿಗೆ ವಾಪಸು ಹೋಗಬೇಕೇ ಎನ್ನುವುದು ಈಗ ಒಂದು ಎಂಜಿನ್ನಿನ ಮೇಲೆ ನಿಂತಿತ್ತು.

ಚನ್ನರಾಯಪಟ್ಟಣದಲ್ಲಿ ನಂಜಯ್ಯ ಎಂಬುವರ ಗುಜರಿ ಮಂಡಿ. ಹಣೆಗೆ ಮೂರು ಗೆರೆ ವಿಭೂತಿ, ಕೈಗೆ ಗ್ರೀಸು. ಸತ್ತ ಲಾರಿ, ವ್ಯಾನು, ಜೀಪುಗಳ ಎಂಜಿನ್‌ಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು.

"ಬನ್ನಿ ಗೌಡ್ರೆ, ಕೂತ್ಕಳಿ. ಕಾರು ಯಾವ್ದು ಅಂತ ಗೊತ್ತು ಬುಡಿ, ನಮ್ ತಂಗಿ ಮದ್ವೇಲಿ ನೀವೇ ಬಂದಿದ್ರಿ. ಏನ್ ಎಂಜಿನ್ ಕೊಡ್ಲಿ?"

"ಲೀಟ್ರಿಗೆ ಎಷ್ಟು ಕೊಡ್ತದೆ ಅದ್ನ ಯೋಳಿ ಸಾವ್ಕಾರ್ರೆ. ನಮ್ ಹಳೇದು ಆರೂ ಕೊಡ್ತಿರ್ನಿಲ್ಲ."

"ಅಂಗಾರೆ ಡೀಸೆಲ್ಲು. ಈ ವ್ಯಾನಿಂದು ನೋಡಿ, ಹದಿನಾರು ಕೊಡ್ತದೆ. ಮುಟ್ಟಂಗೇ ಇಲ್ಲ, ಹಂಗ್ ಓಡ್ತದೆ."

ನಂಜಯ್ಯ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದರು. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಮಂಡಿಯ ತಗಡೆಲ್ಲ ಅದುರಿಸಿದರು. ಕೆಂಪಣ್ಣ ತಲೆಯಾಡಿಸಿದ. ಗಟ್ಟಿ ಎಂಜಿನ್ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ನಲವತ್ತೈದು ಸಾವಿರಕ್ಕೆ ಮಾತಾಯಿತು. ಅವನು ಬ್ಯಾಂಕಿನಲ್ಲಿಟ್ಟಿದ್ದದ್ದೇ ಅರವತ್ತು.

ಇಲ್ಲಿಯೇ ಅವನು ತಪ್ಪಿದ್ದು. ಬಾಡಿಗೆ ಗಾಡಿ ಓಡಿಸಿದವರೆಲ್ಲ ಈ ಒಂದು ಪ್ರಶ್ನೆಯನ್ನೇ ಕೇಳಿ ಮುದುಕರಾದವರು. ಲೀಟರಿಗೆ ಎಷ್ಟು? ಹೊಸ ಗಾಡಿ ಕಂಡರೆ ಬಣ್ಣ ನೋಡುವ ಮೊದಲು ಅದನ್ನು ಕೇಳುತ್ತಾರೆ. ಮೆರವಣಿಗೆ ಕಾರು ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿದರೆ ಹೆಚ್ಚು, ಅದಕ್ಕೆ ಲೀಟರಿನ ಲೆಕ್ಕ ಯಾಕೆ ಎಂದು ಕೆಂಪಣ್ಣನ ತಲೆಗೆ ಹೊಳೆಯಲಿಲ್ಲ. ಸಣ್ಣಯ್ಯನ ತಲೆಗೂ ಹೊಳೆಯಲಿಲ್ಲ. ಅವನೂ ಹದಿನಾರು ಅಂದ ಕೂಡಲೇ "ಪರ್ವಾಗಿಲ್ವಲ್ಲಾ" ಎಂದು ಸ್ಪ್ಯಾನರು ಕೈಗೆತ್ತಿಕೊಂಡ. ಡೀಸೆಲ್ ಅಂದರೆ ಆರ್.ಟಿ.ಓ. ಕಚೇರಿಯಲ್ಲಿ ಕಾಗದದ ತಕರಾರು ಬರುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡರು. ಒಂದು ತಿಂಗಳು ಹಿಡಿಯಿತು, ಮೌಂಟಿಂಗ್ ಬೆಸೆದು, ಹಳೆ ಗೇರ್‌ಬಾಕ್ಸಿಗೆ ಹೊಂದಿಸಲು ನಡುವೆ ತಟ್ಟೆ ಕಡೆದು, ಎಂಜಿನ್ ಕೂರಿಸಲು.

ಮಾಘದಲ್ಲಿ ಅರಕಲಗೂಡಿನ ಮದುವೆ. ಕೆಂಪಣ್ಣನ ಹೆಂಡತಿ ಪುಟ್ಟತಾಯಮ್ಮ ಬೆಳಗಿನಿಂದ ಕೂತು ಕಾರಿಗೆ ಹೂವು ಕಟ್ಟಿದಳು. ಕಾರಿನ ಅಲಂಕಾರ ಮೊದಲಿನಿಂದಲೂ ಅವಳದೇ. ಸೇವಂತಿಗೆ ಜಾಲರಿ, ಗುಲಾಬಿ ಗೊಂಚಲು, ಹಿಂದೆ ಮಲ್ಲಿಗೆ ಇಳಿಬಿಟ್ಟದ್ದು. ಸಂಜೆ ಐದೂವರೆಗೆ ಗಂಡು ಹೆಣ್ಣು ಹತ್ತಿ ಕೂತರು, ಕೆಂಪಣ್ಣ ಸ್ಟಾರ್ಟ್ ಮಾಡಿದ.

ರಸ್ತೆಯಲ್ಲಿ ಓಡುವಾಗ ಸರಿಯಾಗೇ ಇದ್ದ ಎಂಜಿನ್ ನಿಂತಲ್ಲಿ ನಿಂತಾಗ ಇಡೀ ಕಾರನ್ನು ಜರಡಿ ಹಿಡಿದ ಹಾಗೆ ಆಡಿಸತೊಡಗಿತು. ಗಂಡಿನ ಪೇಟದ ತುರಾಯಿ ನಡುಗಿತು. ಹೆಣ್ಣಿನ ಬಾಸಿಂಗದ ಮಣಿಗಳು ಒಂದೇ ಸಮ ಕಟಕಟ ಎಂದವು. ಹತ್ತು ನಿಮಿಷಕ್ಕೆ ಸೇವಂತಿಗೆ ಜಾಲರಿ ಸಡಿಲಾಗಿ ಒಂದು ಕಡೆ ಜಾರಿತು. ಹಿಂದಿನಿಂದ ಎದ್ದ ಕರಿ ಹೊಗೆ, ಗಾಳಿ ತಿರುಗಿದಾಗಲೆಲ್ಲ, ಆರತಿ ತಟ್ಟೆ ಹಿಡಿದು ಬರುತ್ತಿದ್ದ ಹೆಂಗಸರ ರೇಷ್ಮೆ ಸೀರೆಯ ಮೇಲೇ ಕೂತಿತು.

ಹೆಣ್ಣಿನ ದೊಡ್ಡಮ್ಮ ಪಾರ್ವತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಬಂದಳು. "ಏನಪ್ಪಾ ಇದು, ಮದ್ವೆ ಗಾಡಿಯೋ ಬತ್ತ ಬಡಿಯೋ ಮಿಷನ್ನೋ? ಮಗು ಗಡಗಡ ಅಂತ ನಡುಗ್ತಾವ್ಳೆ, ಕಂಡೋರು ಮೈಮೇಲೆ ದೇವ್ರು ಬಂದದೆ ಅಂದ್ಕಳಕಿಲ್ವಾ?"

"ಸ್ವಲ್ಪ ಇರವ್ವಾ, ಬಿಸಿ ಆದ್ರೆ ಸರೋಗ್ತದೆ."

"ಅಣ್ಣಾ" ಎಂದ ಗಂಡು, ಹಿಂದಿನಿಂದ, "ನನ್ ಹಲ್ಲೆಲ್ಲ ಸಡ್ಲ ಆಗೋಯ್ತು. ಇಳ್ದು ನಡ್ಕಂಡ್ ಬರ್ಲಾ?"

ನಕ್ಕರು. ಕೆಂಪಣ್ಣನೂ ನಕ್ಕ ಹಾಗೆ ಮಾಡಿದ. ಛತ್ರ ಮುಟ್ಟುವ ಹೊತ್ತಿಗೆ ಹೆಣ್ಣು ಕರ್ಚೀಫಿಗೆ ವಾಂತಿ ಮಾಡಿಕೊಂಡಿದ್ದಳು. ಬಾಡಿಗೆ ಕೊಟ್ಟರು, ಪೂರ್ತಿ ಕೊಟ್ಟರು, ಕೊಡುವಾಗ ಯಾರೂ ಅವನ ಮುಖ ನೋಡಲಿಲ್ಲ. ಆ ವಾರದಲ್ಲೇ ಮುಂದಿನ ಎರಡು ಮದುವೆಯವರು ಫೋನು ಮಾಡಿ ಬೇಡ ಅಂದರು. ಅರಕಲಗೂಡಿನ ವಾಂತಿಯ ಕಥೆ ಕೊಣನೂರು ಸಂತೆಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಎಲ್ಲ ಕಡೆ ಇಳಿದಿತ್ತು.

ಕೆಂಪಣ್ಣ ಮೂರು ದಿನ ಮನೆಯಲ್ಲಿ ಮಲಗಿದ. ಜ್ವರವಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಎದ್ದು, ರೆಸಾರ್ಟಿನ ನಂಬರ್ ಬರೆದ ಚೀಟಿ ಹುಡುಕತೊಡಗಿದ. ಪುಟ್ಟತಾಯಮ್ಮ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಗಿಡ ಆಕೋರಿಗೆ ಕೊಟ್ಬುಡ್ತೀನಿ ಕಣಮ್ಮಿ. ಸಾಕು."

"ಕೊಡು. ನಾಳಿಕ್ಕಿಂದ ನೀಲಿ ಅಂಗಿ ಆಕ್ಕಂಡು ವ್ಯಾನ್ ಓಡ್ಸು. ನಾನೇನ್ ಬ್ಯಾಡ ಅಂದ್ನಾ?" ಅವಳು ಮುಖ ಎತ್ತಲಿಲ್ಲ. "ಒಂದ್ ಮಾತ್ ಕೇಳ್ತೀನಿ. ಆ ಜನ ಅರ್ದರ್ದ ಗಂಟೆ ಕುಣಿತಾರಲ್ಲ, ಆವಾಗ ನೀನ್ಯಾಕೆ ಎಂಜಿನ್ ಆಫ್ ಮಾಡಕಿಲ್ಲ? ಅದೂ ಕುಣೀಲಿ ಅಂತ್ಲಾ?"

"ಮಾಡ್ಬಾರ್ದು. ಕಾದಿರೋ ಎಂಜಿನ್ನು ಆಫ್ ಮಾಡಿದ್ರೆ ಮತ್ತೆ ಹತ್ತಾಕಿಲ್ಲ. ಪೆಟ್ರೋಲು ಪೈಪಲ್ಲೇ ಕುದ್ದು ಆವಿ ಆಗೋಯ್ತದೆ. ನಡು ರೋಡಲ್ಲಿ ಹೆಣ್ಣ್ ಗಂಡ್ ಕೂತಿರ್ವಾಗ ತಳ್ಳಿ ಸ್ಟಾರ್ಟ್ ಮಾಡ್ಸಕ್ಕಾದದಾ? ಅಪಸಕುನ ಅಂತ ನನ್ ಚರ್ಮ ಸುಲೀತಾರೆ."

"ಅಂದ್ರೆ ಮೂವತ್ ವರ್ಸದಿಂದ ಅದು ಸತ್ತೋಗ್ತದೆ ಅಂತ ಎದ್ರಿ, ಅದ್ನ ಬೇಯಿಸ್ತಾ ಕೂತಿದ್ದೆ."

ಕೆಂಪಣ್ಣ ಚೀಟಿ ಹುಡುಕುವುದನ್ನು ನಿಲ್ಲಿಸಿದ.

"ಲೀಟ್ರಿಗೆ ಎಷ್ಟ್ ಕೊಡ್ತದೆ ಅಂತ ಎಲ್ಲಾರ್ನೂ ಕೇಳ್ದೆ. ಕಾದ್ ಮೇಲೆ ನಿಲ್ಸಿದ್ರೆ ಮತ್ತೆ ಹತ್ತದಾ ಅಂತ ಯಾರ್ನಾರ ಕೇಳಿದ್ಯಾ?" ಎಂದು ಅವಳು ಅವರೆಕಾಯಿಯ ಸಿಪ್ಪೆ ಮಡಿಲಿಂದ ಕೊಡವಿ ಎದ್ದಳು. "ಹೆಂಗಸ್ರ ಸಂಗದಲ್ಲಿ ನಂದು ಮೂವತ್ ಸಾವ್ರ ಸಾಲ ಸಿಕ್ತದೆ. ಇದೊಂದ್ ಸಲ ಕೊಡ್ತೀನಿ. ಇದೂ ಕೆಟ್ರೆ ಗಿಡ ಆಕೋರ್ನ ನಾನೇ ಕರೀತೀನಿ."

ಡೀಸೆಲ್ ಎಂಜಿನ್ನನ್ನು ನಂಜಯ್ಯ ಇಪ್ಪತ್ತೆಂಟು ಸಾವಿರಕ್ಕೆ ವಾಪಸು ತೆಗೆದುಕೊಂಡರು. ಹದಿನೇಳು ಸಾವಿರ ಹೋಯಿತು, ಸಣ್ಣಯ್ಯನ ಕೂಲಿ ಬೇರೆ. ಕೆಂಪಣ್ಣ ಚೌಕಾಸಿ ಮಾಡಲಿಲ್ಲ. ನಂಜಯ್ಯ ಎಣಿಸಿಕೊಡುವಾಗ, "ಎಂಜಿನ್ನಲ್ಲಿ ಏನ್ ದೋಸ ಇತ್ತು ಗೌಡ್ರೆ?" ಎಂದರು. "ಎಂಜಿನ್ನಲ್ಲಿ ಇರ್ನಿಲ್ಲ" ಎಂದು ಹೇಳಿ ಬಸ್ಸು ಹತ್ತಿದ.

ಹಾಸನದಲ್ಲಿ ಅನಿಲ್‌ಕುಮಾರ್ ಎಂಬುವನು ಸರ್ಕಾರಿ ಕಚೇರಿಗಳ ಹಳೆ ವಾಹನಗಳನ್ನು ಹರಾಜಿನಲ್ಲಿ ಹಿಡಿದು ಬಿಡಿಭಾಗ ಮಾರುತ್ತಾನೆ. ಅವನ ಹತ್ತಿರ ಒಂದು ಬಿಳಿ ಅಂಬಾಸಿಡರ್ ಇದೆ, ಪೆಟ್ರೋಲ್ ಎಂಜಿನ್ನಿನದು ಎಂದು ಸಣ್ಣಯ್ಯನೇ ವಿಚಾರಿಸಿ ತಂದ. ಫಾಲ್ಗುಣದ ಒಂದು ಸುಡು ಮಧ್ಯಾಹ್ನ ಇಬ್ಬರೂ ಹೋದರು. ಕಾರು ಇನ್ನೂ ಬಿಚ್ಚಿರಲಿಲ್ಲ. ಹಿಂದಿನ ಕಿಟಕಿಗೆ ಸಾಹೇಬರ ಕಾಲದ ಪರದೆ ಹಾಗೇ ನೇತಾಡುತ್ತಿತ್ತು.

"ಒಳ್ಳೆ ಎಂಜಿನ್ ಅಂಕಲ್" ಅಂದ ಅನಿಲ್‌ಕುಮಾರ್. "ಜಾಸ್ತಿ ಓಡಿಲ್ಲ."

ಸಣ್ಣಯ್ಯ ಕಿಟಕಿಯೊಳಗೆ ಬಗ್ಗಿ ಮೀಟರು ನೋಡಿದ. "ಓಡಿಲ್ಲ ಸರಿ. ಸಾಹೇಬ್ರು ಒಳಗೆ ಮೀಟಿಂಗ್ ಮಾಡವಾಗ ಆಚೆ ಏಸಿ ಆಕ್ಕಂಡು ನಿಂತೇ ಸಂಬ್ಳ ತಗಂಡದೆ. ಅಣ್ಣ, ಇದು ನಿನ್ ಜಾತಿದೇ ಕಣಣ್ಣ. ನಿಂತ್ಕಂಡೇ ದುಡ್ದಿರೋದು."

ಕೆಂಪಣ್ಣ ನಗಲಿಲ್ಲ. "ಸ್ಟಾರ್ಟ್ ಮಾಡಪ್ಪಾ" ಅಂದ.

ಅನಿಲ್‌ಕುಮಾರ್ ಸ್ಟಾರ್ಟ್ ಮಾಡಿ, ರೂಢಿಯಂತೆ ಆಕ್ಸಿಲರೇಟರ್ ತುಳಿದು ಬೊಬ್ಬೆ ಹೊಡೆಸಿದ. "ಸೌಂಡ್ ಕೇಳಿ ಅಂಕಲ್!"

"ಕಾಲ್ ತೆಗಿ. ಅದ್ರ ಪಾಡಿಗೆ ಅದು ಓಡ್ಲಿ ಬುಡು."

"ಎಷ್ಟೊತ್ತು?"

"ಒಂದ್ ಗಂಟೆ."

ಅನಿಲ್‌ಕುಮಾರ್ ಸಣ್ಣಯ್ಯನ ಮುಖ ನೋಡಿದ. "ಪೆಟ್ರೋಲ್ ಯಾರ್ ಹಾಕ್ತಾರೆ ಅಂಕಲ್? ಎಂಜಿನ್ ತಗೊಳ್ಳೋಕೆ ಬಂದಿದ್ದೀರೋ, ನೆಂಟರ ಮನೆಗೆ ಬಂದಿದ್ದೀರೋ?"

ಕೆಂಪಣ್ಣ ಇನ್ನೂರು ರೂಪಾಯಿ ತೆಗೆದು ಬಾನೆಟ್ಟಿನ ಮೇಲಿಟ್ಟ. ಆಮೇಲೆ ತಗಡಿನ ನೆರಳಿನಲ್ಲಿ ಒಂದು ಬ್ಯಾಟರಿ ಡಬ್ಬದ ಮೇಲೆ ಕೂತ. ಸೂರ್ಯ ನೆತ್ತಿಯ ಮೇಲಿದ್ದ. ಬಿಸಿಲಿಗೆ ಬಾನೆಟ್ಟಿನ ಮೇಲೆ ಗಾಳಿ ಅಲುಗುವುದು ಕಾಣುತ್ತಿತ್ತು. ಅವನು ಎಂಜಿನ್ನಿನ ಸದ್ದನ್ನು ಕೇಳುತ್ತ ಕೂತ. ಮಧ್ಯೆ ಒಂದೆರಡು ಸಲ ತೂಕಡಿಸಿದ. ಬೇಕಂತಲೇ ಸಾಹೇಬರು ಕೂರುತ್ತಿದ್ದ ಹಿಂದಿನ ಸೀಟಿಗೆ ಹೋಗಿ ಐದು ನಿಮಿಷ ಕೂತು ನೋಡಿದ. ಕಿಟಕಿಯ ಪರದೆ ಅಲುಗಲಿಲ್ಲ. ಸಣ್ಣಯ್ಯ ಎರಡು ಸಲ ಟೀ ಕುಡಿದು ಬಂದ.

ಗಂಟೆ ಆಯಿತು. ಕೆಂಪಣ್ಣ ಎದ್ದು ಹೋಗಿ ಕೀಲಿ ತಿರುಗಿಸಿ ಆಫ್ ಮಾಡಿದ. ಅನಿಲ್‌ಕುಮಾರ್ ಸಮಾಧಾನದ ಉಸಿರು ಬಿಟ್ಟು ರೇಟು ಹೇಳಲು ಬಾಯಿ ತೆರೆದ.

"ಈಗಲ್ಲ. ಹತ್ ನಿಮ್ಸ ಇರು."

ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಿದರೆ ಯಾವ ಕಾದ ಎಂಜಿನ್ನೂ ಹತ್ತುತ್ತದೆ. ಹತ್ತು ನಿಮಿಷ ಬಿಟ್ಟರೆ ಒಳಗಿನ ಕಾವು ಪೆಟ್ರೋಲ್ ಪೈಪಿಗೆ ಏರಿ ಆಟ ಕೆಡುತ್ತದೆ. ಡ್ರೈವರುಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಸಣ್ಣಯ್ಯ ಅಭ್ಯಾಸಬಲದಿಂದ ಹರಕು ಬನಿಯನ್ನೊಂದನ್ನು ನೀರಿಗೆ ಅದ್ದಿಕೊಂಡು ಬಂದ. ಕೆಂಪಣ್ಣ ಅದನ್ನು ಕಿತ್ತುಕೊಂಡು ನೆಲಕ್ಕೆ ಹಾಕಿದ.

ಹತ್ತು ನಿಮಿಷ ಕಳೆದ ಮೇಲೆ ಕೀಲಿ ತಿರುಗಿಸಿದ. ಸ್ಟಾರ್ಟರ್ ಎರಡು ಸುತ್ತು ಎಳೆಯಿತು, ಮೂರನೆಯದಕ್ಕೆ ಹತ್ತಿತು. ಮತ್ತೆ ಆಫ್ ಮಾಡಿ, ಮತ್ತೆ ಹತ್ತು ನಿಮಿಷ ಕಾದ. ಮತ್ತೆ ಹತ್ತಿತು. ಮೂರನೇ ಸಲಕ್ಕೆ ಅನಿಲ್‌ಕುಮಾರ್ ಕೈಮುಗಿದ.

"ಅಂಕಲ್, ಹೆಣ್ಣು ನೋಡೋಕೆ ಹೋದವ್ರೂ ಇಷ್ಟು ಪರೀಕ್ಷೆ ಮಾಡಲ್ಲ."

"ಹೆಣ್ಗೆ ಏನು? ಅವ್ಳಿಗೆ ಬಾಯದೆ. ಸುಸ್ತಾದ್ರೆ ಬಯ್ತಾಳೆ" ಅಂದ ಸಣ್ಣಯ್ಯ.

ನಲವತ್ತು ಸಾವಿರಕ್ಕೆ ಮುಗಿಯಿತು. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಈ ಸಲ ಯಾರೂ ಕೇಳಲಿಲ್ಲ. ಹಳೆ ಆರು ಸಿಲಿಂಡರಿನ ಗತ್ತು ಇದಕ್ಕಿಲ್ಲ ಎಂಬುದು ಕೆಂಪಣ್ಣನಿಗೆ ಗೊತ್ತಿತ್ತು. ಅಷ್ಟು ದೊಡ್ಡ ಮೂತಿಯೊಳಗೆ ಈ ನಾಲ್ಕು ಸಿಲಿಂಡರಿನ ಎಂಜಿನ್ ಕೂತಾಗ ಸುತ್ತ ಮೂರು ಗೇಣು ಖಾಲಿ ಉಳಿಯಿತು. ಸಣ್ಣಯ್ಯ ಆ ಜಾಗದಲ್ಲಿ ಲಾರಿಯ ರೇಡಿಯೇಟರನ್ನೂ ಎರಡು ಕರೆಂಟ್ ಫ್ಯಾನನ್ನೂ ಕೂರಿಸಿದ. ಹೊಸ ಎಂಜಿನ್ ನಂಬರನ್ನು ಆರ್.ಸಿ.ಗೆ ಸೇರಿಸಲು ಆರ್.ಟಿ.ಓ. ಕಚೇರಿಗೆ ಐದು ಸಲ ಓಡಾಡಿದ್ದಾಯಿತು. ಐದನೇ ಸಲ ಸಾಲಿನಲ್ಲಿ ನಿಂತಾಗ ಕೆಂಪಣ್ಣ ಮಂಡಿ ನೋವಿಗೆ ನಿಲ್ಲಲಾಗದೆ ಗೋಡೆಗೆ ಒರಗಿದ. ಮುಂದಿನವನು ಜಾಗ ಬಿಟ್ಟುಕೊಡಲಿಲ್ಲ.

ವೈಶಾಖದಲ್ಲಿ ಹೊಳೆನರಸೀಪುರದ್ದೇ ಒಂದು ಮದುವೆ. ಅರಕಲಗೂಡಿನ ಸುದ್ದಿ ಕೇಳಿಯೂ ಕಾರು ಹೇಳಿದ್ದರು, ಬೇರೆ ಕಡೆ ಎರಡು ಪಟ್ಟು ಬಾಡಿಗೆ ಅಂತ. ಪುಟ್ಟತಾಯಮ್ಮ ಹೂವು ಕಟ್ಟಿದಳು. ಕಾರು ಹೊರಡುವ ಮುಂಚೆ ಜಾಲರಿಯನ್ನು ಒಂದು ಸಲ ಎಳೆದು ನೋಡಿ, "ಇವತ್ತು ಇದು ಜಾರಿದ್ರೆ ಅದು ನನ್ ತೆಪ್ಪಲ್ಲ" ಅಂದಳು.

ಪೇಟೆ ಬೀದಿಯಲ್ಲಿ ಹೊರಟ ಮೆರವಣಿಗೆ ಒಂದು ಗಂಟೆಯಲ್ಲಿ ಸರ್ಕಲ್ಲಿಗೆ ಬಂತು. ಅಷ್ಟರವರೆಗೆ ಕಾರು ಅಲುಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಾಸಿಂಗದ ಮಣಿ ಸದ್ದಿಲ್ಲ, ಹೊಗೆಯಿಲ್ಲ. ಹೆಣ್ಣು ಗಂಡು ಏನೋ ಮಾತಾಡಿಕೊಂಡು ನಗುತ್ತಿದ್ದವು. ಸರ್ಕಲ್ಲಿನಲ್ಲಿ ಡಿ.ಜೆ.ಯವನು ಹೊಸ ಹಾಡು ಹಾಕಿದ. ಕುಣಿತ ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಿಸಿಲಿಳಿದಿದ್ದರೂ ಡಾಂಬರು ಕಾವು ಉಗುಳುತ್ತಿತ್ತು. ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಿಧಾನವಾಗಿ ಮೇಲೆ ಬಂದು, ಕೆಂಪು ಗೆರೆಗೆ ಎರಡು ಬೆರಳು ದೂರ ನಿಂತಿತು.

ಕೆಂಪಣ್ಣನ ಕೈ ಕೀಲಿಯ ಮೇಲಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಮೆರವಣಿಗೆಯ ನಡುವೆ ಅವನು ಆ ಕೀಲಿ ತಿರುಗಿಸಿದವನಲ್ಲ. ಹಾಸನದಲ್ಲಿ ಮೂರು ಸಲ ಹತ್ತಿದ್ದು ಇಲ್ಲಿ ಹತ್ತದೆ ಹೋದರೆ ನಾಳೆ ಬೆಳಗ್ಗೆ ಕಾರಿನ ಬಾನೆಟ್ಟಿಗೆ ಮಣ್ಣು.

ತಿರುಗಿಸಿದ. ಎಂಜಿನ್ ನಿಂತಿತು. ಇಳಿದು ಹೋಗಿ ಬಾನೆಟ್ ತೆರೆದು, ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತ.

ಗಂಡಿನ ಸೋದರಮಾವ ಹುಚ್ಚಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದ. ಕುಣಿದು ಬೆವರು ಸುರಿಯುತ್ತಿತ್ತು. "ಏನಣ್ಣಾ, ಕೆಟ್ಟೋಯ್ತಾ? ಕೆಟ್ಟೋಯ್ತಾ ಮತ್ತೆ?"

"ಕೆಟ್ಟಿಲ್ಲ. ನಾನೇ ನಿಲ್ಸಿವ್ನಿ."

"ಯಾಕ್ ನಿಲ್ಸ್ದೆ? ನಡು ಸರ್ಕಲ್ಲಲ್ಲಿ ದೀಪ ಆರ್ಸ್ದಂಗೆ! ಕಾಸ್ ಕೊಡಕಿಲ್ವಾ ನಾವು?"

"ಒಂದ್ ಮೆರವಣ್ಗೆಗೆ ಐದ್ ಸಾವ್ರ ಅಂದ್ರಿ. ಮೆರವಣ್ಗೆ ಅಂದ್ರೆ ಎಷ್ಟೊತ್ತು ಅಂತ ನೀವೂ ಅನ್ನಿಲ್ಲ, ನಾನೂ ಕೇಳ್ನಿಲ್ಲ. ನೀವ್ ಕುಣೀರಪ್ಪ. ಅದು ಸುದಾರಿಸ್ಕಳ್ಳಿ. ಒಂಟೀವಿ ಅಂದಾಗ ಕೂಗಿ, ಒಂಟ್ ಬತ್ತೀನಿ."

"ಮತ್ತೆ ಹತ್ದೆ ಓದ್ರೆ?"

ಹುಚ್ಚಯ್ಯ ಇನ್ನೂ ಏನೋ ಅನ್ನುವುದರಲ್ಲಿದ್ದ. ಕಾರಿನೊಳಗಿಂದ ಹೆಣ್ಣು, "ಇರ್ಲಿ ಬುಡಿ ಮಾವ, ಆಫ್ ಮಾಡಿದ್ಮೇಲೆ ಕಾಲ್ ತಾವ ಶೆಕೆ ಕಮ್ಮಿ ಆಯ್ತು. ಕುಡಿಯೋಕ್ ನೀರ್ ಕೊಡ್ಸಿ" ಅಂದಳು. ಮಾವ ನೀರು ತರಲು ಹೋದ.

ಕಾಲು ಗಂಟೆಯ ಮೇಲೆ ಹಾಡು ಮುಗಿಯಿತು. "ನಡೀ ನಡೀ" ಎಂದು ಯಾರೋ ಕೂಗಿದರು. ಹುಚ್ಚಯ್ಯ ತಳ್ಳಲು ನಾಲ್ಕು ಜನರನ್ನು ಆಗಲೇ ಕಾರಿನ ಹಿಂದೆ ನಿಲ್ಲಿಸಿದ್ದ. ಕೆಂಪಣ್ಣ ಬಾನೆಟ್ ಮುಚ್ಚಿ, ಹತ್ತಿ ಕೂತು, ಕೀಲಿ ತಿರುಗಿಸಿದ. ಒಂದು ಸುತ್ತು. ಎರಡು. ಮೂರು. ಮೂರನೆಯದು ಮುಗಿಯುವ ಮುಂಚೆ ಹತ್ತಿತು. ತಳ್ಳಲು ನಿಂತವರು ಕೈ ಕೊಡವಿಕೊಂಡು ಹೋದರು. ಜನರ ಗದ್ದಲದಲ್ಲಿ ಎಂಜಿನ್ ಹತ್ತಿದ್ದನ್ನು ಕಿವಿಗೊಟ್ಟು ಕೇಳಿದವನು ಕೆಂಪಣ್ಣ ಒಬ್ಬನೇ. ಅವನಿಗೂ ಖುಷಿಗಿಂತ ಮೊದಲು ಗೊತ್ತಾದದ್ದು ಎಡಮಂಡಿಯ ನೋವು. ಛತ್ರ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ನಿಲ್ಲಿಸಿದ. ಎರಡು ಸಲವೂ ಹತ್ತಿತು.

ಬಾಡಿಗೆ ಕೊಡುವಾಗ ಹುಚ್ಚಯ್ಯ ಐನೂರು ಹಿಡಿದುಕೊಂಡ. "ಮೂರ್ ಸಲ ನಿಲ್ಸ್ದೆಯಲ್ಲ, ಅದ್ಕೆ."

ಕೆಂಪಣ್ಣ ಈಗ ಮಾತಿನ ರೀತಿ ಬದಲಿಸಿದ್ದಾನೆ. ಫೋನು ಬಂದರೆ, ಎರಡು ಗಂಟೆಗೆ ಐದು ಸಾವಿರ, ಮೇಲಿನ ಪ್ರತಿ ಗಂಟೆಗೆ ಸಾವಿರ, ಕುಣಿಯುವಾಗ ಎಂಜಿನ್ ಬಂದ್ ಎನ್ನುತ್ತಾನೆ. ಆಚೆಯವರು ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ. ಕೂಲಿಯಾಳಿನ ಹಾಗೆ ಗಂಟೆ ಲೆಕ್ಕ ಕೇಳುತ್ತೀಯಲ್ಲ, ಇದು ಮಂಗಳಕಾರ್ಯ ಕಣಯ್ಯಾ ಅನ್ನುತ್ತಾರೆ. ಮೂವರಲ್ಲಿ ಇಬ್ಬರು ಬೇರೆ ಕಾರು ನೋಡಿಕೊಳ್ಳುತ್ತಾರೆ. ಸಂಘದ ಕಂತು ಕಟ್ಟಲು ಉಳಿದ ಒಬ್ಬ ಸಾಲುವುದಿಲ್ಲ. ರೆಸಾರ್ಟಿನವನು ಹೋದ ವಾರ ಮತ್ತೆ ಫೋನು ಮಾಡಿದ್ದ. ಕೆಂಪಣ್ಣ ಬೇಡ ಅಂದ. ಇನ್ನೆಷ್ಟು ಸಲ ಬೇಡ ಅನ್ನುತ್ತಾನೋ ಅವನಿಗೇ ಗೊತ್ತಿಲ್ಲ.

ಎಂಥ ಎಂಜಿನ್ ಬೇಕು ಅನ್ನುವುದನ್ನು ಅವನು ದುಡ್ಡು ಕಳೆದುಕೊಂಡು, ಮಾನ ಕಳೆದುಕೊಂಡು ಕಲಿತ. ಅವನ ಪಾಲಿನದು ಮುಗಿಯಿತು. ಕಾರನ್ನು ಎಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತೀರಿ ಅನ್ನುವುದನ್ನು ನೀವು ಹೇಳಬೇಕು. ನಿಮ್ಮ ಮನೆಯಲ್ಲೂ ಮದುವೆಯಾಗುವವರಿದ್ದಾರೆ. ಕಾರು ಕರೆಯುವ ಮುಂಚೆ ಗಂಟೆಗೆ ಇಷ್ಟು ಎಂದು ಬಾಯಿಬಿಟ್ಟು ಮಾತಾಡಿ, ಕುಣಿಯಲು ನಿಂತಾಗ ಎಂಜಿನ್ ಆಫ್ ಮಾಡು ಎಂದು ನೀವೇ ಡ್ರೈವರಿಗೆ ಹೇಳಿ. ಅದಾಗದಿದ್ದರೆ ಕಾರು ಕರೆಯಬೇಡಿ. ಗಂಡು ಹೆಣ್ಣನ್ನು ಇಳಿಸಿ, ಛತ್ರದವರೆಗೆ ನಡೆಸಿಕೊಂಡು ಹೋಗಿ.